ಬುತ್ತಿ ಕಟ್ಟಿಕೊಂಡು ಹೊರಟವರು

ಕತ್ತಲಗೆರೆಯ ಸುತ್ತಮುತ್ತ ಆಗಸ್ಟ್ ತಿಂಗಳೆಂದರೆ ಭದ್ರಾ ನಾಲೆಯ ನೀರು ಗದ್ದೆಗಿಳಿದು ನಾಟಿಯ ಕೆಲಸ ಬಿರುಸಾಗಿರುವ ಕಾಲ. ಆಳು ಸಿಗುವುದೇ ಕಷ್ಟವಾದ ಆ ದಿನಗಳಲ್ಲಿ ರೈತರು ಗುರುಗಳನ್ನು ಕಾಣಲು ಬರುವುದು ಅಪರೂಪ. ಆದರೂ 2024ರ ಆಗಸ್ಟ್‌ನ ಒಂದು ಸಂಜೆ, ಆ ಊರಿನಲ್ಲಿ ನೆಲೆಸಿರುವ ಕಥೋಲಿಕ ಕುಟುಂಬವೊಂದರ ತಂದೆಯೂ ಮಗನೂ ಒಂದೇ ಬೈಕಿನಲ್ಲಿ ಬಂದು, ಗುರುನಿವಾಸದ ಜಗಲಿಯ ಎರಡು ತುದಿಗಳಲ್ಲಿ ಕುಳಿತಿದ್ದರು. ಒಂದೇ ವಾಹನದಲ್ಲಿ ಬಂದವರು ಹೀಗೆ ದೂರ ದೂರ ಕುಳಿತದ್ದನ್ನು ಕಂಡಾಗಲೇ ವಿಷಯ ಸರಳವಾದುದಲ್ಲವೆಂದು ತಿಳಿಯಿತು.

ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದವನು. ಮುಂದಿನ ವರ್ಷ ಐದಾರು ವಾರಗಳ ರಜೆ ಹಾಕಿ, ಬೆನ್ನಿಗೊಂದು ಚೀಲ ಕಟ್ಟಿಕೊಂಡು, ಸ್ಪೇನ್ ದೇಶದ ಸಾಂತಿಯಾಗೊ ದೆ ಕೊಂಪೊಸ್ತೆಲಾದವರೆಗೆ ನಡೆದುಹೋಗಬೇಕೆಂಬುದು ಅವನ ಆಸೆ. ಅದಕ್ಕಾಗಿ ಧರ್ಮಕೇಂದ್ರದ ಗುರುವಿನಿಂದ ಒಂದು ಪರಿಚಯಪತ್ರ ಬೇಕೆಂದು ಕೇಳಿದ. ತಂದೆಗೆ ತಡೆಯಲಾಗಲಿಲ್ಲ. "ಫಾದರ್, ನೀವೇ ಹೇಳಿ. ನಮ್ಮವ್ವ ವರ್ಷಾ ಹರಿಹರಕ್ಕೆ ನಡ್ಕೊಂಡು ಹೋಗ್ತಾಳೆ. ಹತ್ತು ವರ್ಷದಿಂದ ಅಜ್ಜಿ ಜೊತೆ ಎರಡು ದಿನ ನಡಿಯೋಕೆ ಇವನಿಗೆ ಪುರುಸೊತ್ತಿಲ್ಲ. ಈಗ ಗುರುತಿಲ್ಲದವರ ಜೊತೆ ಒಂದೂವರೆ ತಿಂಗಳು ನಡಿತಾನಂತೆ!" ಎಂದರು.

ನಾನು ಕೂಡಲೇ ಉತ್ತರಿಸಲಿಲ್ಲ. ತಂದೆಯ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನದೇ ಒಂದು ತೊಡಕಿತ್ತು. ಪರಿಚಯಪತ್ರವೆಂದರೆ "ಈತ ನಮ್ಮ ಸಭೆಯ ನಿಷ್ಠಾವಂತ ಸದಸ್ಯ" ಎಂದು ಬರೆಯಬೇಕು. ಹಲವು ವರ್ಷಗಳಿಂದ ಆ ಯುವಕ ಬಲಿಪೂಜೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಸುಳ್ಳನ್ನು ದೇವಾಲಯದ ಮೊಹರು ಒತ್ತಿ ಹೇಗೆ ಕೊಡುವುದು?

ಸಂತ ಯಾಕೋಬರ ದಾರಿ

ಆ ದಾರಿಯ ಬಗ್ಗೆ ಓದುಗರಿಗೆ ಎರಡು ಮಾತು ಹೇಳಬೇಕು. ಜೆಬೆದಾಯನ ಮಗನೂ ಪ್ರೇಷಿತರೂ ಆದ ಸಂತ ಯಾಕೋಬರ ಸಮಾಧಿ ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದಲ್ಲಿದೆ ಎಂಬ ನಂಬಿಕೆ ಒಂಬತ್ತನೆಯ ಶತಮಾನದಷ್ಟು ಹಳೆಯದು. ಮಧ್ಯಯುಗದಲ್ಲಿ ಯೂರೋಪಿನ ಮೂಲೆಮೂಲೆಗಳಿಂದ ಜನರು ಅಲ್ಲಿಗೆ ನಡೆದುಹೋಗುತ್ತಿದ್ದರು. ಅವರಲ್ಲಿ ಅನೇಕರು ತಮ್ಮ ಊರಿನ ಗುರುಗಳಿಂದ ಪತ್ರ ಒಯ್ಯುತ್ತಿದ್ದರು. ಇಂದು ಯಾತ್ರಿಕರು ಹಿಡಿದು ನಡೆಯುವ, ಊರೂರಿನಲ್ಲಿ ಮೊಹರು ಒತ್ತಿಸಿಕೊಳ್ಳುವ ಮಡಿಕೆಪುಸ್ತಕದ ಮೂಲ ಆ ಪತ್ರವೇ. ಹಲವು ದಾರಿಗಳಲ್ಲಿ ಹೆಚ್ಚು ಜನ ಹಿಡಿಯುವುದು ಫ್ರಾನ್ಸಿನ ಗಡಿಯೂರಾದ ಸೇಂ ಜಾಂ ಪಿಯೆ ದ ಪೋರ್‌ನಿಂದ ಪಿರೆನೀಸ್ ಪರ್ವತ ದಾಟಿ ಸಾಗುವ, ಸುಮಾರು 780 ಕಿಲೋಮೀಟರಿನ ದಾರಿಯನ್ನು.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ಈ ದಾರಿ ಬಹುಮಟ್ಟಿಗೆ ಮರೆತುಹೋಗಿತ್ತು. ಅದನ್ನು ಮತ್ತೆ ಎಬ್ಬಿಸಿದವರಲ್ಲಿ ಮುಖ್ಯರು ಯಾರೆಂದು ತಿಳಿದಾಗ ನನಗೆ ಸಂತೋಷವಾಯಿತು. ಅವರು ಓ ಸೆಬ್ರೆಯ್ರೊ ಎಂಬ ಬೆಟ್ಟದ ಮೇಲಿನ ಪುಟ್ಟ ಹಳ್ಳಿಯ ಧರ್ಮಗುರು, ಫಾದರ್ ಎಲಿಯಾಸ್ ವಾಲಿಞ. 1980ರ ದಶಕದಲ್ಲಿ ಅವರು ಹಳದಿ ಬಣ್ಣದ ಡಬ್ಬಿ ಹಿಡಿದು, ಕಲ್ಲು, ಮರ, ಗೋಡೆಗಳ ಮೇಲೆ ಬಾಣದ ಗುರುತು ಬರೆಯುತ್ತ ಹೋದರು. 1989ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರು ವಿಶ್ವ ಯುವದಿನಕ್ಕಾಗಿ ಲಕ್ಷಾಂತರ ಯುವಜನರನ್ನು ಸಾಂತಿಯಾಗೊದಲ್ಲಿ ಕೂಡಿಸಿದರು. 1986ರಲ್ಲಿ ಅಲ್ಲಿ ಯಾತ್ರೆಯ ಪ್ರಮಾಣಪತ್ರ ಪಡೆದವರು ಎರಡೂವರೆ ಸಾವಿರದಷ್ಟು ಮಂದಿ. 2024ರಲ್ಲಿ ಆ ಸಂಖ್ಯೆ ಐದು ಲಕ್ಷಕ್ಕೆ ಹತ್ತಿರ ಬಂತು. ಒಬ್ಬ ಹಳ್ಳಿಯ ಗುರುವಿನ ಬಣ್ಣದ ಡಬ್ಬಿ ಮಾಡಿದ ಕೆಲಸವಿದು.

ಬೆಂಗಳೂರಿನ ಕಾಫಿ ಅಂಗಡಿಯಿಂದ

ಅಂದು ಆ ತಂದೆಗೆ ನಾನು ಹೇಳಿದ್ದು ಸ್ಪೇನಿನ ಕಥೆಯನ್ನಲ್ಲ. ನಮ್ಮ ಬೆಂಗಳೂರಿನ ಒಂದು ಕಥೆಯನ್ನು. 1961ರಲ್ಲಿ, ತೊಂಬತ್ತರ ಹತ್ತಿರದ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರನ್ನು ಅಣುಬಾಂಬಿನ ವಿರುದ್ಧ ಪ್ರತಿಭಟಿಸಿದ್ದಕ್ಕಾಗಿ ಲಂಡನ್ನಿನಲ್ಲಿ ಸೆರೆಗೆ ಹಾಕಿದ ಸುದ್ದಿಯನ್ನು ವಿನೋಬಾ ಭಾವೆಯವರ ಇಬ್ಬರು ಯುವ ಅನುಯಾಯಿಗಳು ಬೆಂಗಳೂರಿನ ಕಾಫಿ ಅಂಗಡಿಯಲ್ಲಿ ಕುಳಿತು ಓದಿದರು. ಒಬ್ಬರು ರಾಜಸ್ಥಾನ ಮೂಲದ ಸತೀಶ್ ಕುಮಾರ್, ಇನ್ನೊಬ್ಬರು ಕೇರಳ ಮೂಲದ ಇ. ಪಿ. ಮೆನನ್. ಅಷ್ಟು ವಯಸ್ಸಾದವರು ಜೈಲಿಗೆ ಹೋಗುವಾಗ ತಾವು ಕಾಫಿ ಕುಡಿಯುತ್ತ ಕುಳಿತಿರುವುದೇ ಎಂದು ಅವರಿಗೆ ಅನ್ನಿಸಿತು. 1962ರ ಜೂನ್ 1ರಂದು ದೆಹಲಿಯ ಗಾಂಧಿ ಸಮಾಧಿಯಿಂದ ಇಬ್ಬರೂ ಹೊರಟರು. ಅಣ್ವಸ್ತ್ರವಿದ್ದ ದೇಶಗಳ ರಾಜಧಾನಿಗಳಾದ ಮಾಸ್ಕೊ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ ಅವರ ಗುರಿ. ವಿನೋಬಾ ಅವರಿಗೆ ಕೊಟ್ಟ ಸಲಹೆ: ಜೇಬಿನಲ್ಲಿ ಒಂದು ಕಾಸೂ ಇರಕೂಡದು.

ಪಾಕಿಸ್ತಾನದ ಗಡಿ ದಾಟುವ ಮುನ್ನ ಗೆಳತಿಯೊಬ್ಬಳು ಊಟದ ಪೊಟ್ಟಣಗಳನ್ನು ತಂದುಕೊಟ್ಟಾಗ ಸತೀಶ್ ಕುಮಾರ್ ಅದನ್ನು ತೆಗೆದುಕೊಳ್ಳಲಿಲ್ಲ. ಪೊಟ್ಟಣ ಹಿಡಿದು ಹೋದರೆ ಆಚೆಯ ಜನರು ಅನ್ನ ಹಾಕುವರೆಂದು ನಾವು ನಂಬಲಿಲ್ಲವೆಂದಾಗುತ್ತದೆ ಎಂಬುದು ಅವರ ವಾದ. ಗಡಿ ದಾಟಿದೊಡನೆ, ಇವರ ವಿಷಯ ಕೇಳಿ ತಿಳಿದಿದ್ದ ಅಪರಿಚಿತನೊಬ್ಬ ಇವರನ್ನು ಊಟಕ್ಕೆ ಕರೆದೊಯ್ಯಲು ಕಾದಿದ್ದ! ಅಫ್ಘಾನಿಸ್ತಾನ, ಇರಾನ್ ದಾಟಿ ಅವರು ಸೋವಿಯತ್ ನಾಡನ್ನು ಹೊಕ್ಕರು. ಅಲ್ಲಿ ಜಾರ್ಜಿಯಾದ ಚಹಾ ಕಾರ್ಖಾನೆಯೊಂದರ ಹೆಂಗಸರು ನಾಲ್ಕು ಪೊಟ್ಟಣ ಚಹಾ ಕೊಟ್ಟು, ನಾಲ್ಕು ರಾಷ್ಟ್ರಗಳ ನಾಯಕರಿಗೆ ಒಂದೊಂದನ್ನು ತಲುಪಿಸಿರೆಂದು ಕೇಳಿಕೊಂಡರು. ಬಾಂಬಿನ ಗುಂಡಿ ಒತ್ತುವ ಮನಸ್ಸಾದಾಗ ಮೊದಲು ಒಂದು ಲೋಟ ಚಹಾ ಕುಡಿದು ಯೋಚಿಸಲೆಂದು! ಇಬ್ಬರೂ 1964ರ ಆರಂಭದಲ್ಲಿ ವಾಷಿಂಗ್ಟನ್ ತಲುಪುವ ಹೊತ್ತಿಗೆ, ಅವರು ಕಾಣಬೇಕೆಂದಿದ್ದ ಅಧ್ಯಕ್ಷ ಕೆನೆಡಿ ಗುಂಡೇಟಿಗೆ ಬಲಿಯಾಗಿದ್ದರು. ಒಂದು ಸಮಾಧಿಯಿಂದ ಹೊರಟ ನಡಿಗೆ ಇನ್ನೊಂದು ಸಮಾಧಿಯ ಬಳಿ ಮುಗಿಯಿತು.

ಅವರು ದಾರಿಯಲ್ಲಿದ್ದ ದಿನಗಳನ್ನೂ ನೆನೆಯಬೇಕು. 1962ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾಯಿತು, ಕ್ಯೂಬಾದ ಕ್ಷಿಪಣಿಗಳ ನಿಮಿತ್ತ ಜಗತ್ತು ಅಣುಯುದ್ಧದ ಅಂಚಿಗೆ ಬಂದಿತು, ನಮ್ಮ ಗಡಿಯಲ್ಲಿ ಚೀನಾದೊಡನೆ ಯುದ್ಧವೂ ತೊಡಗಿತು. 1963ರ ಏಪ್ರಿಲ್ 11ರಂದು ಜಗದ್ಗುರು ಇಪ್ಪತ್ತಮೂರನೇ ಜಾನ್ ಅವರು ಲೋಕಶಾಂತಿಯ ಕುರಿತ ವಿಶ್ವಪತ್ರವನ್ನು ಹೊರಡಿಸಿದರು. ಅದನ್ನು ಅವರು ಕಥೋಲಿಕರಿಗೆ ಮಾತ್ರವಲ್ಲದೆ ಸದ್ಭಾವನೆಯ ಸಕಲ ಜನರಿಗೂ ಉದ್ದೇಶಿಸಿ ಬರೆದರು. ರೋಮಿನಲ್ಲಿ ಲೇಖನಿ ಹೇಳುತ್ತಿದ್ದುದನ್ನೇ ದಾರಿಯಲ್ಲಿ ನಾಲ್ಕು ಪಾದಗಳು ಹೇಳುತ್ತಿದ್ದವು.

ತಂದೆ ಎಲ್ಲವನ್ನೂ ಕೇಳಿ, "ಅವರು ಲೋಕದ ಸಲುವಾಗಿ ನಡೆದರು ಫಾದರ್. ಇವನು ಯಾರ ಸಲುವಾಗಿ ನಡಿತಾನೆ?" ಎಂದು ಕೇಳಿದರು. ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ ಓದಿದ ನನ್ನ ಬಳಿ ಆ ಪ್ರಶ್ನೆಗೆ ಸಿದ್ಧ ಉತ್ತರವಿರಲಿಲ್ಲ. ಮಗನ ಕಡೆ ತಿರುಗಿ, "ಮುಂದಿನ ತಿಂಗಳು ಅಜ್ಜಿಯ ಜೊತೆ ಹರಿಹರಕ್ಕೆ ನಡೆದು ಬಾ. ಆಮೇಲೆ ಪತ್ರ ಬರೆಯುತ್ತೇನೆ. ಇದು ಶಿಕ್ಷೆಯೆಂದು ತಿಳಿಯಬೇಡ. ನಿನ್ನ ವಿಷಯದಲ್ಲಿ ನಿಜವಾದ ಒಂದು ವಾಕ್ಯ ಬರೆಯಲು ನನಗೆ ಏನಾದರೂ ಬೇಕಲ್ಲ" ಎಂದೆ.

ಅಜ್ಜಿಯ ವೈರಿನ ಬುಟ್ಟಿ

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮೋತ್ಸವ. ಹರಿಹರದ ಆರೋಗ್ಯಮಾತೆಯ ಪುಣ್ಯಕ್ಷೇತ್ರಕ್ಕೆ ಅಂದು ಸುತ್ತಲ ಜಿಲ್ಲೆಗಳಿಂದ ಬರುವ ಜನಸಾಗರದಲ್ಲಿ ಎಲ್ಲ ಮತದವರೂ ಇರುತ್ತಾರೆಂಬುದನ್ನು ಶಿವಮೊಗ್ಗ ಧರ್ಮಕ್ಷೇತ್ರದ ಓದುಗರಿಗೆ ಹೇಳಬೇಕಾಗಿಲ್ಲ. ಕತ್ತಲಗೆರೆಯಿಂದ ಬಸವಾಪಟ್ಟಣ, ಮಲೇಬೆನ್ನೂರು ಹಾದು ಹರಿಹರಕ್ಕೆ ಎರಡು ದಿನದ ನಡಿಗೆ. ಯುವಕ ತನ್ನ ಹೊಸ ಬೆನ್ನುಚೀಲದಲ್ಲಿ ಸ್ಪೇನಿಗೆ ಒಯ್ಯಬೇಕಾದ ಭಾರವನ್ನೆಲ್ಲ ತುಂಬಿಕೊಂಡು ಅಭ್ಯಾಸಕ್ಕೆಂದು ಹೊರಟ. ಎಪ್ಪತ್ತೆರಡು ವರ್ಷದ ಅಜ್ಜಿಯ ಕೈಯಲ್ಲಿದ್ದುದು ಒಂದು ವೈರಿನ ಬುಟ್ಟಿ. ಅದರಲ್ಲಿ ಒಂದು ಸೀರೆ, ಜಪಮಾಲೆ, ಮತ್ತು ಬಟ್ಟೆಯಲ್ಲಿ ಕಟ್ಟಿದ ಬುತ್ತಿ.

ಮುಂದಿನದನ್ನು ಅವನೇ ನನಗೆ ಹೇಳಿದ. ಮೊದಲ ಮಧ್ಯಾಹ್ನ ಎಲ್ಲರೂ ನಾಲೆಯ ಏರಿಯ ಮೇಲಿನ ಮರದಡಿ ಬುತ್ತಿ ಬಿಚ್ಚಿದರು. ಅಜ್ಜಿಯ ರೊಟ್ಟಿ, ಶೇಂಗಾ ಚಟ್ನಿಪುಡಿಯೆಲ್ಲ ಬೇರೆಯವರ ಕೈಗೆ ಹೋದವು. ಅಜ್ಜಿ ಉಂಡದ್ದು ಇನ್ನಾರದೋ ಮೊಸರನ್ನವನ್ನು. "ನಿನ್ನ ಬುತ್ತೀನೇ ನೀನು ಉಣ್ಣಬಾರದೇನಜ್ಜಿ?" ಎಂದು ಅವನು ಕೇಳಿದ್ದಕ್ಕೆ, "ನಂದು ನಾನೇ ಉಣ್ಣಂಗಿದ್ರೆ ಮನೇಲೆ ಉಂಡು ಬರ್ತಿದ್ದೆ ಕಣೋ" ಎಂದರಂತೆ.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಪೊಟ್ಟಣವೆಂದರೆ ಅಪನಂಬಿಕೆ ಎಂದು ಸತೀಶ್ ಕುಮಾರ್ ಹೇಳಿದರು, ಅದು ಸತ್ಯವೇ. ಯಾತ್ರೆಗೆ ಚೀಲವನ್ನೂ ರೊಟ್ಟಿಯನ್ನೂ ಒಯ್ಯಬೇಡಿರೆಂದು ಪ್ರಭು ಯೇಸು ಪ್ರೇಷಿತರಿಗೆ ಹೇಳಿದ್ದು ಸಂತ ಲೂಕರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಆದರೆ ಅದೇ ಲೂಕರ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ, ಚೀಲವಿದ್ದವನು ಅದನ್ನು ತೆಗೆದುಕೊಳ್ಳಲಿ ಎಂದೂ ಪ್ರಭು ಹೇಳುತ್ತಾರೆ. ಹಾಗಾದರೆ ಪ್ರಶ್ನೆ ಚೀಲವಿರಬೇಕೋ ಬೇಡವೋ ಎಂಬುದಲ್ಲ; ಅದು ಯಾರಿಗಾಗಿ ಬಿಚ್ಚಿಕೊಳ್ಳುತ್ತದೆ ಎಂಬುದು. ತನಗೆಂದೇ ಕಟ್ಟಿದ ಬುತ್ತಿ ಅಪನಂಬಿಕೆ. ಸಂಗಡಿಗರಿಗೆಂದು ಕಟ್ಟಿದ್ದು ನಂಬಿಕೆ. ಫ್ರಾನ್ಸಿನ ಕಥೋಲಿಕ ದಾರ್ಶನಿಕ ಗೇಬ್ರಿಯಲ್ ಮಾರ್ಸೆಲ್ ಮನುಷ್ಯನನ್ನು ಯಾತ್ರಿಕನೆಂದು ಕರೆದರು. ಇನ್ನೊಬ್ಬರಿಗೆ ಒದಗಿಬರುವುದೇ ಯಾತ್ರಿಕನ ಲಕ್ಷಣವೆಂದು ಅವರ ವಿಚಾರ. ಈ ನೆಲದ ಶರಣರು ಸ್ಥಾವರ, ಜಂಗಮ ಎಂಬ ಎರಡು ಪದಗಳಲ್ಲಿ ಅದಕ್ಕೂ ಎಷ್ಟೋ ಮೊದಲೇ ಚಲಿಸುವ ಜೀವದ ಹಿರಿಮೆಯನ್ನು ಸಾರಿದ್ದರು. ಆ ಅಜ್ಜಿ ಇವರಾರನ್ನೂ ಓದಿದವರಲ್ಲ.

ಎರಡನೆಯ ದಿನ ಅಜ್ಜಿಯ ಮೊಣಕಾಲು ಹಿಡಿದುಕೊಂಡಿತು. ಯುವಕ ವೈರಿನ ಬುಟ್ಟಿಯನ್ನು ತನ್ನ ಬೆನ್ನುಚೀಲಕ್ಕೆ ಕಟ್ಟಿಕೊಂಡು, ಅವರ ಹೆಜ್ಜೆಗೆ ತನ್ನ ಹೆಜ್ಜೆ ಸೇರಿಸಿ ನಡೆದ. ಗುಂಪಿನಲ್ಲಿ ಕಟ್ಟಕಡೆಗೆ ಹರಿಹರ ತಲುಪಿದವರು ಅವರಿಬ್ಬರೇ. ಪೂಜೆ ಮುಗಿದ ಬಳಿಕ ನಾನು ಅಜ್ಜಿಯನ್ನು ಕಂಡು, "ದಾರಿ ಕಷ್ಟವಾಯಿತೇನಮ್ಮ?" ಎಂದು ವಿಚಾರಿಸಿದೆ. "ನಿಮಗೆ ಹೇಳಿದ್ರೆ ಹೆಂಗೆ ತಿಳಿತೈತಿ ಸ್ವಾಮಿ, ನೀವು ಕಾರಲ್ಲಿ ಬರ್ತೀರಿ" ಎಂದು ಅವರು ನಕ್ಕರು. ಅವರ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಆದ್ದರಿಂದಲೇ ಅದು ನಾಟಿತು.

ಮರುವಾರ ನಾನು ಪತ್ರ ಬರೆದೆ. "ಈತ ತನ್ನ ಅಜ್ಜಿಯ ಬುಟ್ಟಿ ಹೊತ್ತು ಆಕೆಯ ಹೆಜ್ಜೆಗೆ ಹೆಜ್ಜೆಯಿಟ್ಟು ನಡೆದವನು. ಇವನನ್ನು ಬರಮಾಡಿಕೊಳ್ಳಿ." ಅಷ್ಟೇ ಬರೆದು ಮೊಹರು ಒತ್ತಿದೆ.

ಹಳದಿ ಬಾಣಗಳ ಜಾಡಿನಲ್ಲಿ

2025ರ ಏಪ್ರಿಲ್ 14ರಂದು, ಪವಿತ್ರ ವಾರದ ಸೋಮವಾರ, ಅವನು ನಡಿಗೆ ಆರಂಭಿಸಿದ. ಒಬ್ಬನೇ ಹೋದವನಿಗೆ ಮೂರನೆಯ ದಿನಕ್ಕೆ ಸಂಗಡಿಗರಾದರು. ಕೊರಿಯಾದ ನಿವೃತ್ತ ಶಾಲಾ ಶಿಕ್ಷಕರೊಬ್ಬರು, ಬ್ರೆಜಿಲಿನ ಅಕ್ಕತಂಗಿಯರಿಬ್ಬರು, ದೇವರನ್ನೇ ನಂಬದ ಒಬ್ಬ ಜರ್ಮನ್ ಯುವಕ. ಈಸ್ಟರ್ ಮರುದಿನ ಜಗದ್ಗುರು ಫ್ರಾನ್ಸಿಸ್ ಅವರು ತೀರಿಕೊಂಡ ಸುದ್ದಿ ದಾರಿಯಲ್ಲಿಯೇ ಬಂತು. ಆ ಸಂಜೆಯ ಪೂಜೆಗೆ ಐವರೂ ಹೋದರು; ಜರ್ಮನ್ ಯುವಕನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದನಂತೆ. ಗ್ರಞೋನ್ ಎಂಬ ಹಳ್ಳಿಯಲ್ಲಿ ದೇವಾಲಯದ ಗೋಪುರದ ಒಳಗೇ ಯಾತ್ರಿಕರಿಗೆ ಚಾಪೆ ಹಾಸಿಕೊಡುತ್ತಾರೆ. ಅಡಿಗೆ, ಊಟ ಎಲ್ಲರೂ ಕೂಡಿ. ಹಣಕ್ಕೆ ಲೆಕ್ಕವಿಲ್ಲ, ತೆರೆದ ಪೆಟ್ಟಿಗೆಯೊಂದಿದೆ, ಉಳ್ಳವನು ಹಾಕಬಹುದು, ಇಲ್ಲದವನು ತೆಗೆದುಕೊಳ್ಳಬಹುದು. "ಅಜ್ಜಿಯ ಬುತ್ತಿ ಇಲ್ಲಿಯೂ ಇದೆ ಫಾದರ್" ಎಂದು ಅಂದು ರಾತ್ರಿ ನನಗೆ ಫೋನಿನಲ್ಲಿ ಬರೆದ.

ಬುರ್ಗೋಸ್ ದಾಟಿದ ಮೇಲೆ ಮೆಸೆಟ ಎಂಬ ಬಯಲು. ನಮ್ಮ ಜಗಳೂರಿನ ಕಡೆಯ ಬಯಲಿನ ಹಾಗೆ ಕಣ್ಣು ಹರಿದಷ್ಟೂ ಮರವಿಲ್ಲದ ನೆಲ. ಏಪ್ರಿಲ್‌ನಲ್ಲಿ ಮಾತ್ರ ಅಲ್ಲಿ ಗೋಧಿಯ ಹಸಿರು. ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ಒಮ್ಮೆಗೇ ವಿದ್ಯುತ್ತು ನಿಂತುಹೋದದ್ದನ್ನು ಓದುಗರು ಪತ್ರಿಕೆಯಲ್ಲಿ ಓದಿರಬಹುದು. ರೈಲು ನಿಂತವು, ಫೋನುಗಳು ಮೂಕವಾದವು, ನಕ್ಷೆ ತೋರಿಸುವವರಿಲ್ಲವಾದರು. ಆದರೆ ಗೋಡೆಯ ಮೇಲಿನ ಹಳದಿ ಬಾಣಗಳಿಗೆ ವಿದ್ಯುತ್ತು ಬೇಕಿರಲಿಲ್ಲ. ಆ ಸಂಜೆ ಯಾತ್ರಿಕರ ಛತ್ರದಲ್ಲಿ ಮೇಣದಬತ್ತಿ ಹಚ್ಚಿ, ಇದ್ದ ಬ್ರೆಡ್ಡು, ಚೀಸುಗಳನ್ನು ಒಂದೇ ಮೇಜಿನ ಮೇಲೆ ಹರಡಿ, ಎಲ್ಲರೂ ತಂತಮ್ಮ ಊರಿನ ಹೆಸರಿನ ಅರ್ಥ ಹೇಳಬೇಕೆಂದಾಯಿತಂತೆ. ಕತ್ತಲಗೆರೆಯವನು ತನ್ನ ಊರಿನ ಹೆಸರಿನಲ್ಲೇ ಕತ್ತಲಿದೆ ಎಂದಾಗ ಛತ್ರವೆಲ್ಲ ನಕ್ಕಿತು.

ಮೇ ತಿಂಗಳ ಮೊದಲ ವಾರ ಲೆಯೋನ್ ನಗರ ತಲುಪುವಷ್ಟರಲ್ಲಿ ಕೊರಿಯಾದ ಶಿಕ್ಷಕರ ಕಾಲಿನ ಗುಳ್ಳೆ ಕೀವಾಗಿ, ಜ್ವರವೇರಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಉಳಿದ ಮೂವರಿಗೆ ಹೋಗಲೇಬೇಕಿತ್ತು. ಇವನು ಉಳಿದುಕೊಂಡ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಹರುಕು ಇಂಗ್ಲಿಷಿನ ಹತ್ತಿಪ್ಪತ್ತು ಮಾತುಗಳೇ ಬಂಡವಾಳ. ಮೇ 8ರಂದು ಹೊಸ ಜಗದ್ಗುರು ಹದಿನಾಲ್ಕನೇ ಲಿಯೋ ಅವರ ಆಯ್ಕೆಯನ್ನು ಇಬ್ಬರೂ ಆಸ್ಪತ್ರೆಯ ಟಿವಿಯಲ್ಲಿ ಕಂಡರು. ಆರು ದಿನ ಹೀಗೆ ಕಳೆಯಿತು. ಶಿಕ್ಷಕರ ಮಗಳು ಬಂದಿಳಿದ ಮೇಲೆಯೇ ಇವನು ಮುಂದೆ ಹೊರಟದ್ದು. ಹಿಂದಿರುಗುವ ವಿಮಾನದ ದಿನವಾದರೋ ಮುಂದೆ ಹೋಗುವಂತಿರಲಿಲ್ಲ.

ಅವನ ನಡಿಗೆ ಮುಗಿದದ್ದು ಓ ಸೆಬ್ರೆಯ್ರೊ ಬೆಟ್ಟದ ಮೇಲೆ. ಸಾಂತಿಯಾಗೊಗೆ ಇನ್ನೂ ಸುಮಾರು 160 ಕಿಲೋಮೀಟರು ಉಳಿದಿತ್ತು. ಪ್ರಮಾಣಪತ್ರ ಬೇಕಾದರೆ ಕೊನೆಯ 100 ಕಿಲೋಮೀಟರನ್ನಾದರೂ ನಡೆದಿರಬೇಕೆಂಬುದು ನಿಯಮ. ಅದು ಇವನಿಗೆ ಸಿಗಲಿಲ್ಲ. ಆರುನೂರು ಕಿಲೋಮೀಟರು ನಡೆದವನು ಬರಿಗೈಯಲ್ಲಿ ಬೆಟ್ಟ ಇಳಿದು ಬಸ್ಸು ಹತ್ತಿದ.

ಆ ಬೆಟ್ಟದ ದೇವಾಲಯಕ್ಕೆ ಒಂದು ಪರಂಪರೆಯ ಕಥೆಯಿದೆ. ಹದಿನಾಲ್ಕನೆಯ ಶತಮಾನದ ಒಂದು ಹಿಮದ ದಿನ, ಬಡ ರೈತನೊಬ್ಬ ಬಿರುಗಾಳಿಯಲ್ಲಿ ಬೆಟ್ಟ ಹತ್ತಿ ಪೂಜೆಗೆ ಬಂದ. ವಿಶ್ವಾಸ ಸೊರಗಿದ್ದ ಗುರು, ಒಂದಿಷ್ಟು ರೊಟ್ಟಿ-ದ್ರಾಕ್ಷಾರಸಕ್ಕಾಗಿ ಇವನಿಗೇಕೆ ಇಷ್ಟು ಪಾಡು ಎಂದು ಮನಸ್ಸಿನಲ್ಲೇ ಹೀಗಳೆದ. ಆಗ ಪೀಠದ ಮೇಲಿನ ರೊಟ್ಟಿ-ರಸಗಳು ಕಣ್ಣಿಗೇ ಕಾಣುವಂತೆ ಮಾಂಸ-ರಕ್ತಗಳಾದವೆಂದು ಹೇಳುತ್ತಾರೆ. ಯುವಕ ಈ ಕಥೆ ಹೇಳುವಾಗ ನಾನು ತಲೆ ತಗ್ಗಿಸಿ ಕೇಳಿದೆ. ನಡೆದು ಬಂದವರನ್ನು ಪೀಠದ ಬಳಿ ನಿಂತು ನೋಡುವ ಗುರುಗಳಿಗೆ ಆ ಕಥೆ ಎಂದಿಗೂ ಹಳತಾಗದು.

ತಂದೆಯ ಪ್ರಶ್ನೆ

ಮಗ ಊರಿಗೆ ಮರಳಿದ ಮೇಲೆ ತಂದೆ ಒಬ್ಬರೇ ನನ್ನಲ್ಲಿಗೆ ಬಂದರು. "ಸರ್ಟಿಫಿಕೇಟು ಇಲ್ಲದೆ ಬಂದಿದಾನೆ ಫಾದರ್" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರದೋ ಕಾಲು ನೋಡ್ಕೊಳ್ತಾ ಕೂತಿದ್ದನಂತೆ" ಎಂದು ಸೇರಿಸಿದರು. ಆ ದನಿಯಲ್ಲಿ ಮೊದಲಿನ ಸಿಟ್ಟು ಇರಲಿಲ್ಲ. ಯಾರ ಸಲುವಾಗಿ ನಡೆಯುತ್ತಾನೆಂಬ ಅವರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನಾನು ಅದನ್ನು ಬಿಡಿಸಿ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಎಮ್ಮಾವುವಿನ ದಾರಿಯಲ್ಲಿ ಇಬ್ಬರು ಶಿಷ್ಯರ ಜೊತೆ ನಡೆದ ಪುನರುತ್ಥಿತ ಪ್ರಭುವನ್ನು ಅವರು ದಾರಿಯುದ್ದಕ್ಕೂ ಗುರುತಿಸಲಿಲ್ಲ, ಅಪರಿಚಿತನೆಂದೇ ಮಾತಾಡಿದರು. ಕತ್ತಲಾಯಿತು, ನಮ್ಮೊಡನೆ ತಂಗು ಎಂದು ಒತ್ತಾಯಿಸಿ ರೊಟ್ಟಿ ಮುರಿಯುವಾಗಲೇ ಕಣ್ಣು ತೆರೆಯಿತು. ಅಪರಿಚಿತರ ಜೊತೆ ನಡೆಯುವುದು ಹಗುರ. ಅವರಿಗೆ ನಮ್ಮ ಹಳೆಯ ಲೆಕ್ಕ ಗೊತ್ತಿಲ್ಲ. ಮನೆಯವರ ಜೊತೆ ನಡೆಯುವುದೇ ಭಾರ. ಆದರೆ ಅಪರಿಚಿತನೊಬ್ಬನಿಗಾಗಿ ಒಮ್ಮೆ ತಂಗಿದವನು ಮನೆಯವರಿಗಾಗಿಯೂ ತಂಗಬಲ್ಲನೆಂದು ಈಗ ನನಗೆ ತೋರುತ್ತದೆ.

2025ರ ಸೆಪ್ಟೆಂಬರ್ 7 ಭಾನುವಾರವಾಗಿತ್ತು. ಪೂಜೆಗಳನ್ನು ಮುಗಿಸಿ, ಕಾರನ್ನು ಮಲೇಬೆನ್ನೂರಿನಲ್ಲಿ ಬಿಟ್ಟು, ಕತ್ತಲಗೆರೆಯಿಂದ ಬಂದ ಗುಂಪನ್ನು ಸೇರಿಕೊಂಡೆ. ತಂದೆ-ಮಗ ಇಬ್ಬರೂ ಇದ್ದರು, ಅಕ್ಕಪಕ್ಕದಲ್ಲಿಯೇ. ಮೊಣಕಾಲಿನ ದೆಸೆಯಿಂದ ಅಜ್ಜಿ ಈ ಸಲ ಬಸ್ಸಿನಲ್ಲಿ ಮುಂದೆ ಹೋಗಿದ್ದರು. ಬುತ್ತಿಯನ್ನು ಮಾತ್ರ ಕಳಿಸಿದ್ದರು. ಅರ್ಧ ದಾರಿಯಲ್ಲಿಯೇ ನನ್ನ ಹಿಮ್ಮಡಿಗೆ ಗುಳ್ಳೆ ಎದ್ದಿತು. ಯುವಕ ರಸ್ತೆಯ ಪಕ್ಕದಲ್ಲಿ ಕೂರಿಸಿ, ತನ್ನ ಚೀಲದಿಂದ ಪಟ್ಟಿ, ಮುಲಾಮು ತೆಗೆದು ಕಾಲಿಗೆ ಕಟ್ಟಿದ. ನಾವು ಹರಿಹರ ಮುಟ್ಟಿದಾಗ ರಾತ್ರಿಯಾಗಿತ್ತು. ದೇವಾಲಯದ ಅಂಗಳದಲ್ಲಿ ಕಾದಿದ್ದ ಅಜ್ಜಿ ನಾನು ಕುಂಟುವುದನ್ನು ನೋಡಿ ಏನೂ ಹೇಳಲಿಲ್ಲ. ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

2027ರಲ್ಲಿ ಸಂತ ಯಾಕೋಬರ ಹಬ್ಬ, ಜುಲೈ 25, ಭಾನುವಾರ ಬರುತ್ತದೆ. ಹಾಗೆ ಬಂದ ವರ್ಷ ಸಾಂತಿಯಾಗೊದಲ್ಲಿ ಪವಿತ್ರ ವರ್ಷ. ನಮ್ಮ ಯುವಜನರಲ್ಲಿ ಇನ್ನೂ ಕೆಲವರು ಬೆನ್ನಿಗೆ ಚೀಲ ಕಟ್ಟಿಕೊಂಡು ದೂರದೇಶಕ್ಕೆ ಹೊರಡಬಹುದು. ತಂದೆತಾಯಿಗಳೇ, ತಡೆಯಬೇಡಿ. ಪತ್ರ ಕೇಳಿ ಬಂದರೆ ಬರೆದುಕೊಡುವೆನು. ಆದರೆ ಮೊದಲು ಮನೆಯಲ್ಲಿ ಯಾರ ಬುಟ್ಟಿ ಭಾರವಾಗಿದೆಯೆಂದು ನೋಡಿ, ಅದನ್ನು ಹೊತ್ತು ಎರಡು ದಿನ ನಡೆದು ಬರಲಿ.